ಹಳೆಯ ಕಾರಿನ ಬಿಗಿಯಾದ ಗಾಜಿಗೆ ಸಿಲಿಕೋನ್ ಸ್ಪ್ರೇ: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಹಳೆಯ ಕಾರಿನ ನಾಲ್ಕೂ ಬಾಗಿಲುಗಳ ಗಾಜುಗಳು ಹ್ಯಾಂಡಲ್ ತಿರುಗಿಸಿ ಏರಿಸುವಂಥವು. ಕಾರು ಕೈಸೇರಿದ ಹೊಸತರಲ್ಲಿ ಚಾಲಕನ ಬದಿಯ ಗಾಜನ್ನು ಪೂರ್ತಿ ಮೇಲಕ್ಕೆ ತರಬೇಕಾದರೆ ಒಂದು ಕೈಯಿಂದ ಹ್ಯಾಂಡಲ್ ತಿರುಗಿಸುತ್ತ, ಇನ್ನೊಂದು ಅಂಗೈಯನ್ನು ಗಾಜಿಗೆ ಒತ್ತಿ ಮೇಲಕ್ಕೆ ದೂಡಬೇಕಾಗುತ್ತಿತ್ತು. ಮಳೆ ಹಿಡಿದುಕೊಂಡ ದಿನ ಈ ಕಸರತ್ತು ಮುಗಿಯುವಷ್ಟರಲ್ಲಿ ಅಂಗಿಯ ತೋಳು ನೆನೆದಿರುತ್ತಿತ್ತು. ಆ ಕಾಟ ತಾಳಲಾರದೆ ಕೊಂಡದ್ದು ಈ ಸಿಲಿಕೋನ್ ಸ್ಪ್ರೇ. ನಾಲ್ಕು ವರ್ಷಗಳಲ್ಲಿ ಎರಡು ಡಬ್ಬಿ ಖಾಲಿಯಾಗಿವೆ, ಮೂರನೆಯದು ನಡೆಯುತ್ತಿದೆ. ಬಿಗಿಯಾದ ಕಿಟಕಿ ಗಾಜಿಗೆ, ರಬ್ಬರಿಗೆ ಮತ್ತು ಚಲಿಸುವ ಎಲ್ಲ ಭಾಗಗಳಿಗೆ ಇದು ತಕ್ಕದ್ದು ಎಂಬ ಅರ್ಥದ ಮಾತು ಡಬ್ಬಿಯ ಮೇಲಿದೆ. ಮೊದಲಿನ ಎರಡು ಮಾತು ಬಹುಮಟ್ಟಿಗೆ ನಿಜ. ಮೂರನೆಯದನ್ನು ನಂಬಿ ನಾನು ಒಂದು ತಿಂಗಳು ಹಾಳುಮಾಡಿಕೊಂಡೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದಿರುವ ಒಂದು ಅಂಕ ಆ ಮೂರನೆಯ ಮಾತಿನ ಲೆಕ್ಕಕ್ಕೆ.

ಮೊದಲ ದಿನ ಮಾಡಿದ್ದು ಸುಲಭದ ಕೆಲಸ. ಬಾಗಿಲಿನ ಒಳಮೈಯನ್ನು ಬಿಚ್ಚುವ ಗೋಜಿಗೇ ಹೋಗದೆ, ಗಾಜು ಇಳಿಸಿ, ಅದರ ಅಂಚುಗಳು ಓಡಾಡುವ ಚಾನೆಲ್ಲಿನೊಳಕ್ಕೆ ಡಬ್ಬಿಯ ಸಪುರ ಕೊಳವೆಯನ್ನು ತೂರಿಸಿ ಎರಡೂ ಬದಿಗೆ ಧಾರಾಳವಾಗಿ ಹೊಡೆದೆ. ಗಾಜು ಒಂದೆರಡು ಸಲ ಏರಿಳಿದದ್ದೇ ತಡ, ಹ್ಯಾಂಡಲ್ ಸಲೀಸಾಯಿತು. ಇಷ್ಟಕ್ಕೇ ಇಷ್ಟು ದಿನ ಒದ್ದಾಡಿದೆನೇ ಎಂದುಕೊಂಡೆ. ಆದರೆ ಮೂರನೆಯ ವಾರಕ್ಕೆ ಗಾಜು ಮತ್ತೆ ಹಳೆಯ ಚಾಳಿಗೆ ಮರಳಿತು. ಚಾನೆಲ್ಲಿನಲ್ಲಿ ವರ್ಷಗಟ್ಟಲೆ ಕೂತಿದ್ದ ಧೂಳು ಸ್ಪ್ರೇಯ ಪಸೆಗೆ ಕಲಸಿಕೊಂಡು ಕಪ್ಪು ಕೆಸರಾಗಿ ಗಾಜಿನ ಅಂಚಿಗೆ ಮೆತ್ತಿಕೊಂಡಿತ್ತು. ಮತ್ತೊಮ್ಮೆ ಹೊಡೆದೆ, ಆಗ ಹತ್ತು ದಿನದ ಸುಖವೂ ಸಿಗಲಿಲ್ಲ.

ಎಷ್ಟು ಬಿಗಿ ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯೋಣವೆಂದು, ಹ್ಯಾಂಡಲಿನ ಗುಂಡಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಗಾಜು ಮೇಲೇರುವಾಗ ಮುಳ್ಳು ಆರು ಕಿಲೋದ ಹತ್ತಿರ ನಿಂತಿತು. ಗಾಜು ಭಾರವಿರಬೇಕು ಎಂದು ಅದುವರೆಗೆ ಸುಮ್ಮನೆ ನಂಬಿದ್ದೆ. ಲೆಕ್ಕ ಹಾಕಿದಾಗ ಆ ನಂಬಿಕೆ ನಿಲ್ಲಲಿಲ್ಲ. 5 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಸುಮಾರು 12.5 ಕಿಲೋ ತೂಗುತ್ತದೆ, ನನ್ನ ಬಾಗಿಲಿನದು ಕಾಲು ಚದರ ಮೀಟರಿನ ಆಸುಪಾಸು, ಅಂದರೆ ಮೂರು ಕಿಲೋ ಚಿಲ್ಲರೆ. ಹ್ಯಾಂಡಲಿನ ಉದ್ದ 10 ಸೆಂಟಿಮೀಟರ್. ಗಾಜನ್ನು ತಳದಿಂದ ತುದಿಗೆ ತರಲು ನಾಲ್ಕೂವರೆ ಸುತ್ತು ಬೇಕು, ಅಷ್ಟರಲ್ಲಿ ಕೈ ಸುಮಾರು 280 ಸೆಂಟಿಮೀಟರ್ ದಾರಿ ಸಾಗಿದರೆ ಗಾಜು ಏರುವುದು 40 ಸೆಂಟಿಮೀಟರ್ ಮಾತ್ರ. ಏಳಕ್ಕೆ ಒಂದರ ಈ ಅನುಪಾತದಲ್ಲಿ ಗಾಜಿನ ತೂಕವೆಂದು ಕೈಗೆ ಬರಬೇಕಾದದ್ದು ಅರ್ಧ ಕಿಲೋಗಿಂತ ಕಡಿಮೆ, ಅದರಲ್ಲೂ ಒಂದು ಪಾಲನ್ನು ಬಾಗಿಲಿನೊಳಗಿನ ಸುರುಳಿ ಸ್ಪ್ರಿಂಗ್ ಹೊರುತ್ತದೆ. ಉಳಿದ ಐದೂವರೆ ಕಿಲೋ ಬರೀ ಘರ್ಷಣೆ. ಆ ಘರ್ಷಣೆ ಎಲ್ಲೆಲ್ಲಿ ಎಷ್ಟೆಷ್ಟು ಅಡಗಿದೆ ಎಂದು ತಿಳಿಯದೆ ಡಬ್ಬಿ ಹಿಡಿದು ಹೊಡೆಯುತ್ತ ಹೋಗುವುದು ಕತ್ತಲಲ್ಲಿ ಕಲ್ಲು ತೂರಿದಂತೆ ಎಂದು ಅರಿವಾಗಿ, ಬಾಗಿಲು ಬಿಚ್ಚಲು ಕೂತೆ.

ಹ್ಯಾಂಡಲ್ ತೆಗೆಯುವುದೇ ಮೊದಲ ಪರೀಕ್ಷೆ. ಕೆಲವು ಕಾರುಗಳಲ್ಲಿ ನಡುವೆ ಒಂದು ಸ್ಕ್ರೂ ಕಾಣುತ್ತದೆ, ಕೆಲವದರಲ್ಲಿ ಅಡ್ಡಕ್ಕೆ ಪಿನ್ನು. ನನ್ನದರಲ್ಲಿ ಹ್ಯಾಂಡಲಿನ ಬುಡದ ಹಿಂದೆ ಕುದುರೆಲಾಳದ ಆಕಾರದ ತಂತಿ ಕ್ಲಿಪ್ಪು ಅವಿತಿರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಬಾಗಿಲಿನ ಹೊದಿಕೆ ಹರಿಯುತ್ತದೆ. ಹಳೆಯ ಹತ್ತಿ ಬಟ್ಟೆಯ ಒಂದು ಪಟ್ಟಿಯನ್ನು ಹ್ಯಾಂಡಲಿನ ಹಿಂದೆ ಹಾಯಿಸಿ, ಬೂಟಿಗೆ ಪಾಲಿಶ್ ಹಾಕುವವರಂತೆ ಎರಡೂ ತುದಿ ಹಿಡಿದು ಆಚೀಚೆ ಎಳೆದರೆ, ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದು ಟಪ್ಪೆಂದು ಹೊರಕ್ಕೆ ಚಿಮ್ಮುತ್ತದೆ. ಮೊದಲ ಸಲ ಚಿಮ್ಮಿದ ಕ್ಲಿಪ್ಪನ್ನು ಸೀಟಿನ ಹಳಿಯ ಸಂದಿನಲ್ಲಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಈಗ ಇನ್ನೊಂದು ಬಟ್ಟೆಯನ್ನು ಮೇಲೆ ಹೊದಿಸಿಯೇ ಎಳೆಯುತ್ತೇನೆ.

ಹೊದಿಕೆಯ ಹಿಂದೆ ಹರಿದ ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ರೆಗ್ಯುಲೇಟರ್, ಅಂದರೆ ಗಾಜನ್ನು ಏರಿಳಿಸುವ ಯಂತ್ರ. ಹ್ಯಾಂಡಲಿನ ದಂಡಕ್ಕೆ ಸೇರಿದ ಸಣ್ಣ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ಬೀಸಣಿಗೆಯಾಕಾರದ ಹಲ್ಲಿನ ತಗಡು, ಆ ತಗಡಿಗೆ ಜೋಡಿಸಿದ ಕತ್ತರಿಯಂಥ ತೋಳುಗಳು, ತೋಳುಗಳ ತುದಿಯ ರೋಲರುಗಳು ಗಾಜಿನ ತಳದ ಪಟ್ಟಿಯಲ್ಲಿ ಜಾರುತ್ತವೆ. ಹಲ್ಲುಗಳ ನಡುವೆ ತುಂಬಿದ್ದ ಹಳೆಯ ಗ್ರೀಸಿಗೆ ಉಗುರು ಒತ್ತಿದರೆ ಗುರುತು ಮೂಡುತ್ತಿತ್ತೇ ಹೊರತು ಬೆರಳಿಗೆ ಅಂಟುತ್ತಿರಲಿಲ್ಲ; ಬಣ್ಣ ಹಳೆಯ ಬೆಲ್ಲದ್ದು, ಗಟ್ಟಿತನ ಮೇಣದ್ದು. ಗ್ರೀಸೆಂದರೆ ಸೋಪಿನಂಥ ಮಂದ ಪದಾರ್ಥವೊಂದು ಹಿಡಿದಿಟ್ಟುಕೊಂಡ ಎಣ್ಣೆ. ವರ್ಷಗಳು ಕಳೆದಂತೆ ಎಣ್ಣೆ ಬಸಿದುಹೋಗುತ್ತದೆ, ಉಳಿದದ್ದು ಗಾಳಿಗೆ ಗಟ್ಟಿಯಾಗುತ್ತದೆ, ಜಾರಿಸಬೇಕಾದದ್ದೇ ಹಿಡಿದು ನಿಲ್ಲಿಸತೊಡಗುತ್ತದೆ. ಇದರ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಅದು ಕಲ್ಲಿನ ಮೇಲೆ ಮಳೆ ಸುರಿದಂತೆ ಹರಿದು ಬಾಗಿಲಿನ ತಳ ಸೇರುತ್ತದೆ. ಹಾಗೆ ಸೇರಿದ್ದನ್ನು ಕಣ್ಣಾರೆ ಕಂಡೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಆ ಸುರುಳಿ ಸ್ಪ್ರಿಂಗ್ ಸದಾ ಬಿಗಿದುಕೊಂಡಿರುತ್ತದೆ. ಗಾಜಿನ ಭಾರ ತಪ್ಪಿದ ಕೂಡಲೇ ತೋಳುಗಳು ರಪ್ಪನೆ ಬೀಸಬಲ್ಲವು, ನಡುವೆ ಸಿಕ್ಕಿದ ಬೆರಳನ್ನು ಅವು ಬಿಡುವುದಿಲ್ಲ. ರೆಗ್ಯುಲೇಟರನ್ನು ಹೊರತೆಗೆಯುವುದೇ ಆದರೆ ಹಲ್ಲಿನ ತಗಡನ್ನು ಅದರ ಹಿಂಬದಿಯ ತಗಡಿಗೆ ಕ್ಲ್ಯಾಂಪಿನಿಂದ ಬಿಗಿದೇ ಮುಂದುವರಿಯಬೇಕು. ಗಾಜನ್ನೂ ಹಾಗೆಯೇ ಬಿಡಬಾರದು. ಬಾಗಿಲಿನದು ಸಾಮಾನ್ಯವಾಗಿ ಟಫನ್ಡ್ ಗಾಜು. ನಡುವೆ ಪೆಟ್ಟು ತಡೆದರೂ ಅಂಚಿಗೆ ಪೆಟ್ಟಾದರೆ ಇಡಿಯಾಗಿ ಕಾಳುಕಾಳಾಗಿ ಉದುರುತ್ತದೆ. ನಾನು ಗಾಜನ್ನು ಮೇಲೆತ್ತಿ, ಅಗಲವಾದ ಟೇಪನ್ನು ಚೌಕಟ್ಟಿನ ಮೇಲಿಂದ ಎರಡೂ ಮಗ್ಗುಲಿಗೆ ಹಾಯಿಸಿ ಅಂಟಿಸಿ, ಸಂದಿಗೆ ರಬ್ಬರಿನ ಬೆಣೆ ಸಿಕ್ಕಿಸಿದೆ. ರೆಗ್ಯುಲೇಟರನ್ನು ಅದರ ಜಾಗದಲ್ಲೇ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಲ್ಲುಗಳನ್ನು ಉಜ್ಜಿ, ಬಟ್ಟೆಯಿಂದ ಒರೆಸಿ, ಹಲ್ಲುಗಳಿಗೂ ತೋಳುಗಳ ಕೀಲಿಗೂ ರೋಲರುಗಳ ದಾರಿಗೂ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿದೆ. ತಕ್ಕಡಿಯ ಮುಳ್ಳು ಮೂರೂವರೆಗೆ ಇಳಿಯಿತು. ಇದರಲ್ಲಿ ಸಿಲಿಕೋನಿನ ಪಾಲು ಏನೂ ಇಲ್ಲ.

ಸ್ಪ್ರೇಯ ನಿಜವಾದ ಕೆಲಸ ಶುರುವಾಗುವುದು ಇನ್ನು ಮುಂದೆ. ಚಾನೆಲ್ಲಿನ ಒಳಗೆ ಮಖಮಲ್ಲಿನಂಥ ಫೆಲ್ಟ್ ಅಂಟಿಸಿದ ರಬ್ಬರಿದೆ. ಗಾಜಿನ ಅಂಚು ಆ ನಯವಾದ ಕೂದಲುಗಳ ಮೇಲೆ ಜಾರಬೇಕು. ಕೂದಲು ಧೂಳಿನಿಂದ ಜಡೆಗಟ್ಟಿದರೆ ಅದು ಉಪ್ಪುಕಾಗದವಾಗುತ್ತದೆ. ಸಪುರವಾದ ಬ್ರಷ್ಷಿನಿಂದ ಸೋಪುನೀರು ಹಾಕಿ ಉಜ್ಜಿದಾಗ ಮೊದಲು ಇಳಿದ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣದ್ದಾಗಿತ್ತು. ನಾಲ್ಕನೆಯ ಸಲಕ್ಕೆ ತಿಳಿಯಾಯಿತು. ಬಾಗಿಲು ತೆರೆದಿಟ್ಟು ಒಂದು ದಿನ ಒಣಗಲು ಬಿಟ್ಟು, ಆಮೇಲೆ ಕೊಳವೆಯನ್ನು ಚಾನೆಲ್ಲಿನ ಮೇಲಿನ ಮೂಲೆಯಿಂದ ಕೆಳಗಿನವರೆಗೆ ಒಂದೇ ಓಟದಲ್ಲಿ ಎಳೆದು, ಹತ್ತು ನಿಮಿಷ ಕಾದು, ಗಾಜನ್ನು ಹತ್ತು ಸಲ ಏರಿಳಿಸಿ, ಅಂಚಿಗೆ ಬಂದ ಹೆಚ್ಚಿನ ಪಸೆಯನ್ನು ಒರೆಸಿದೆ. ಮುಳ್ಳು ಎರಡು ಕಿಲೋ ತೋರಿಸಿತು. ಎರಡು ಬೆರಳಿನಿಂದ ತಿರುಗಿಸಬಹುದಾದ ಸ್ಥಿತಿ ಅದು, ಮತ್ತು ಆ ಕೊನೆಯ ಒಂದೂವರೆ ಕಿಲೋ ಇಳಿಸಿದ ಕೀರ್ತಿಯಲ್ಲಿ ಸೋಪುನೀರಿನಷ್ಟೇ ಪಾಲು ಈ ಡಬ್ಬಿಗೂ ಸಲ್ಲಬೇಕು. ಪೆಟ್ರೋಲಿಯಂ ಗ್ರೀಸನ್ನು ಇಲ್ಲಿ ಬಳಸಬಾರದು. ಅದು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಸಿಲಿಕೋನಿಗೆ ಆ ದೋಷವಿಲ್ಲ.

ನಾಲ್ಕು ವರ್ಷಗಳ ಅನುಭವ ಬಾಗಿಲಿಂದ ಬಾಗಿಲಿಗೆ ಬೇರೆ. ಹೀಗೆ ಪೂರ್ತಿ ಬಿಚ್ಚಿ ಶುದ್ಧಮಾಡಿದ ಚಾಲಕನ ಬಾಗಿಲಿಗೆ ವರ್ಷಕ್ಕೆರಡು ಸಲ ಸ್ಪ್ರೇ ಸಾಕಾಗಿದೆ, ತಕ್ಕಡಿ ಈಗಲೂ ಎರಡೂಕಾಲು ದಾಟುವುದಿಲ್ಲ. ಅದರ ಪಕ್ಕದ ಬಾಗಿಲಿನಲ್ಲಿ ಫೆಲ್ಟ್ ಸವೆದು ರಬ್ಬರು ಬೋಳಾಗಿತ್ತು. ಅಲ್ಲಿ ಸ್ಪ್ರೇ ಎಷ್ಟು ಹೊಡೆದರೂ ತಿಂಗಳು ಕಳೆಯುತ್ತಿರಲಿಲ್ಲ, ಕೊನೆಗೆ ಚಾನೆಲನ್ನೇ ಹೊಸದು ಹಾಕಿಸಿದೆ, ಅಂದಿನಿಂದ ಅದು ನಾಲ್ಕರಲ್ಲೂ ಹಗುರ. ಹಿಂದಿನ ಒಂದು ಬಾಗಿಲನ್ನು ಬೇಕೆಂದೇ ಬಿಚ್ಚದೆ ಬರೀ ಸ್ಪ್ರೇಯ ಮೇಲೆ ನಡೆಸಿದ್ದೇನೆ. ಅದನ್ನು ಯಾರೂ ಹೆಚ್ಚು ಬಳಸುವುದಿಲ್ಲವಾದ್ದರಿಂದ ಸಾಗುತ್ತಿದೆ, ಆದರೆ ಎರಡು ತಿಂಗಳಿಗೊಮ್ಮೆ ಡಬ್ಬಿ ಹಿಡಿಯಲೇಬೇಕು.

ದೋಷಗಳನ್ನೂ ಹೇಳಬೇಕು. ಕೊಳವೆ ಸಡಿಲವಾಗಿ ಕೂರುತ್ತದೆ. ಮೊದಲ ಡಬ್ಬಿಯದು ಬಾಗಿಲಿನೊಳಕ್ಕೆ ಬಿದ್ದು ಮಾಯವಾಯಿತು. ಡಬ್ಬಿ ಬುಡಮೇಲಾದರೆ ಒತ್ತಡದ ಗಾಳಿಯಷ್ಟೇ ಹೊರಬಂದು ಒಳಗಿನ ದ್ರವ ಉಳಿದುಹೋಗುತ್ತದೆ. ಹೊಡೆಯುವಾಗ ಗಾಜಿನ ಮೇಲೆ ಹಾರಿದ ಹನಿಗಳನ್ನು ಕೂಡಲೇ ಒರೆಸದಿದ್ದರೆ ರಾತ್ರಿ ಎದುರಿನ ದೀಪಕ್ಕೆ ಎಣ್ಣೆಮಬ್ಬು ಕಾಣುತ್ತದೆ. ಒಮ್ಮೆ ನೆಲಕ್ಕೆ ಬಟ್ಟೆ ಹಾಸದೆ ಹೊಡೆದು, ಕ್ಲಚ್ ಪೆಡಲಿನ ರಬ್ಬರಿನ ಮೇಲೆ ಕಾಲು ಜಾರಿತು. ಬ್ರೇಕಿನ ಪೆಡಲೇ ಆಗಿದ್ದರೆ ಏನಾಗುತ್ತಿತ್ತೆಂದು ನೆನೆದು ಬೆವತೆ. ಸ್ಪ್ರೇಯ ಆವಿಗೆ ಬೆಂಕಿ ತಗಲುವ ಅಪಾಯವಿರುವುದರಿಂದ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟೇ ಕೆಲಸ ಮಾಡಬೇಕು. ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸುವ ಯೋಚನೆಯಿರುವವರು ಅದು ಮುಗಿಯುವವರೆಗೆ ಇದನ್ನು ಬಾಗಿಲಿನ ಹತ್ತಿರವೂ ತರಬಾರದು, ಏಕೆಂದರೆ ತಗಡಿನ ಮೇಲೆ ಸಿಲಿಕೋನಿನ ಲೇಶ ಉಳಿದಿದ್ದರೂ ಬಣ್ಣ ಅಲ್ಲಿ ಹಿಡಿಯದೆ ಮೀನಿನ ಕಣ್ಣಿನಂಥ ಸಣ್ಣ ಗುಳಿಗಳಾಗಿ ಸರಿಯುತ್ತದೆ.

ಕೊಳ್ಳುವ ಮುನ್ನ ಗಾಜು ಎಲ್ಲಿ ಬಿಗಿಯುತ್ತದೆ ಎಂದು ಗಮನಿಸುವುದು ಒಳ್ಳೆಯದು. ಇಳಿಯುವಾಗ ಹಗುರವಾಗಿದ್ದು ಏರುವಾಗ ಮಾತ್ರ ಭಾರವೆನಿಸಿದರೆ ಸ್ಪ್ರಿಂಗ್ ಸೋತಿರಬಹುದು. ಗಾಜು ಒಂದು ಬದಿಗೆ ವಾಲಿ ಏರುತ್ತಿದ್ದರೆ ರೋಲರು ದಾರಿ ತಪ್ಪಿದೆ ಅಥವಾ ತಳದ ಪಟ್ಟಿ ಸಡಿಲವಾಗಿದೆ. ಹ್ಯಾಂಡಲ್ ತಿರುಗಿಯೂ ಗಾಜು ಕದಲದಿದ್ದರೆ ಹಲ್ಲು ಸವೆದಿದೆ. ಇವುಗಳಿಗೆ ಯಾವ ಸ್ಪ್ರೇಯೂ ಮದ್ದಲ್ಲ, ಬಲವಂತವಾಗಿ ತಿರುಗಿಸಿದರೆ ಇದ್ದ ಹಲ್ಲೂ ಹೋಗುತ್ತದೆ. 1959ರಲ್ಲಿ ಬಂದ ಮೊದಲ ಮಿನಿ ಕಾರುಗಳಿಗೆ ಈ ತಾಪತ್ರಯವೇ ಇರಲಿಲ್ಲ. ಅವುಗಳ ಗಾಜು ಪಕ್ಕಕ್ಕೆ ಸರಿಯುವಂಥದ್ದು, ಯಂತ್ರವಿಲ್ಲದ ಬಾಗಿಲಿನ ಹೊಟ್ಟೆಯಲ್ಲಿ ಸಾಮಾನು ಇಟ್ಟುಕೊಳ್ಳಬಹುದಿತ್ತು. ಹ್ಯಾಂಡಲಿನೊಂದಿಗೆ ಹೆಣಗುವಾಗ ನನಗೆ ಆಗಾಗ ಅವುಗಳ ಮೇಲೆ ಅಸೂಯೆಯಾಗಿದೆ.

ಉಳಿದಿರುವುದು ಹಿಂದಿನ ಇನ್ನೊಂದು ಬಾಗಿಲು. ಅದನ್ನೂ ಬಿಚ್ಚಿ, ಉಜ್ಜಿ, ಗ್ರೀಸು ಸವರಿ, ಸ್ಪ್ರೇ ಹೊಡೆದಾಗಿದೆ. ಗಾಜು ಬೆಣ್ಣೆಯಂತೆ ಏರಿ, ಮೇಲಿನ ಎರಡು ಬೆರಳಿನಗಲದಲ್ಲಿ ಮಾತ್ರ ಗಕ್ಕನೆ ನಿಲ್ಲುತ್ತದೆ. ಅಲ್ಲಿ ಎರಡು ಚಾನೆಲ್ಲುಗಳ ನಡುವಿನ ಅಂತರ ಕೆಳಗಿಗಿಂತ 3 ಮಿಲಿಮೀಟರ್ ಕಡಿಮೆಯಿದೆ ಎಂದು ಕಳೆದ ವಾರ ಅಳೆದು ನೋಡಿದಾಗ ಗೊತ್ತಾಯಿತು. ಹಿಂಬದಿಯ ಚಾನೆಲ್ಲಿನ ಬೋಲ್ಟ್ ಸಡಿಲಿಸಿ ವಾಷರ್ ಕೊಟ್ಟು ಸರಿಸುವ ಕೆಲಸ ಬಾಕಿಯಿದೆ, ಅದು ಮುಗಿಯುವವರೆಗೆ ಆ ಬಾಗಿಲಿಗೆ ಡಬ್ಬಿ ಮುಟ್ಟುವುದಿಲ್ಲ.