ದೊಡ್ಡ ಟೈರಿಗೆ 4.56 ಕ್ರೌನ್-ಪಿನಿಯನ್: ನನ್ನ ಆರನೇ ಗೇರ್ ವಾಪಸ್ ಬಂತು

ದೊಡ್ಡ ಟೈರ್ ಹಾಕಿಸಿದ ಮೇಲೆ ಹದಿನಾಲ್ಕು ತಿಂಗಳು ನಾನು ಆರನೇ ಗೇರ್ ಮುಟ್ಟಲೇ ಇಲ್ಲ. ಮುಟ್ಟಿದರೆ ಗಾಡಿ ತಿಣುಕುತ್ತಿತ್ತು. ಸಣ್ಣ ಏರು ಬಂದರೆ ಐದಕ್ಕೆ ಇಳಿಸಬೇಕು. ಎದುರುಗಾಳಿ ಇದ್ದು ಹಿಂದೆ ಸಾಮಾನು ತುಂಬಿದ್ದರೆ ನಾಲ್ಕೇ ಗತಿ. ಆರು ಗೇರಿನ ಪಿಕಪ್ ಇಟ್ಟುಕೊಂಡು ಐದರಲ್ಲೇ ಓಡಿಸುತ್ತಿದ್ದೆ.

ಈಗ ಹಿಂದಿನ ಮುಂದಿನ ಎರಡೂ ಆಕ್ಸಲ್‌ಗೆ 4.56ರ ಕ್ರೌನ್-ಪಿನಿಯನ್ (ಇಂಜಿನ್ನಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ, ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ) ಹಾಕಿಸಿ 11,000 ಕಿ.ಮೀ. ಓಡಿಸಿದ್ದೇನೆ. ಇದೇ ಯೋಚನೆಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಗಾಡಿಯ ಲೆಕ್ಕ. ಕಂಪನಿಯಿಂದ ಬಂದ ಟೈರ್ 265/70ಆರ್17. ವ್ಯಾಸ ಸುಮಾರು 803 ಮಿ.ಮೀ. ನಾನು ಹಾಕಿಸಿದ್ದು 315/70ಆರ್17. ಇದನ್ನು ಎಲ್ಲರೂ ‘35 ಇಂಚು’ ಅನ್ನುತ್ತಾರೆ. ಲೆಕ್ಕ ಹಾಕಿದರೆ 873 ಮಿ.ಮೀ., ಅಂದರೆ 34.4 ಇಂಚು. ಆಕ್ಸಲ್ ಅನುಪಾತ 3.73, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಬೇಕು. ಡೀಸೆಲ್ ಇಂಜಿನ್, ಕೈಯಿಂದ ಹಾಕುವ ಗೇರು, ಆರನೆಯದರ ಅನುಪಾತ 0.80 (ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ 0.80 ಸುತ್ತು).

ನಿಮ್ಮ ಗಾಡಿಯ ಅನುಪಾತ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಆಕ್ಸಲ್ ಮೇಲಿನ ಚೀಟಿ ನೋಡಿ. ಅದು ಬಿದ್ದುಹೋಗಿದ್ದರೆ ಹಿಂದಿನ ಎರಡೂ ಚಕ್ರ ಎತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಎರಡೂ ಚಕ್ರವನ್ನು ಒಟ್ಟಿಗೆ, ಒಂದೇ ದಿಕ್ಕಿಗೆ ಒಂದು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನನ್ನದು ಮೂರು ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಬಂತು. ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಡದೆ, ಸ್ಟ್ಯಾಂಡ್ ಕೊಡದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ. ಇಂಜಿನ್ ಅಷ್ಟೇ ವೇಗಕ್ಕೆ ಕಡಿಮೆ ತಿರುಗುತ್ತದೆ. ಕೇಳೋಕೆ ಒಳ್ಳೆಯದು ಅನಿಸುತ್ತೆ, ಅಲ್ವಾ? ಆದರೆ ನನ್ನ ಇಂಜಿನ್ ನಿಮಿಷಕ್ಕೆ 1,600 ಸುತ್ತು ದಾಟಿದ ಮೇಲೇ ಸರಿಯಾಗಿ ಎಳೆಯುವುದು. ಹಳೆ ಟೈರಿನಲ್ಲಿ ಆರನೇ ಗೇರ್, 80 ಕಿ.ಮೀ. ವೇಗಕ್ಕೆ ಸುಮಾರು 1,580 ಸುತ್ತು ಇರುತ್ತಿತ್ತು. ಹೊಸ ಟೈರಿನಲ್ಲಿ ಅದು 1,450ಕ್ಕೆ ಇಳಿಯಿತು. ಎಳೆಯುವ ಜಾಗದ ಅಂಚಿನಲ್ಲಿದ್ದ ಇಂಜಿನ್ ಪೂರ್ತಿ ಕೆಳಗೆ ಬಿತ್ತು. ನನ್ನ ತೊಂದರೆಯ ಮೂಲ ಇಷ್ಟೇ.

ಇಳಿದ ಸುತ್ತನ್ನು ವಾಪಸ್ ತರಲು ಆಕ್ಸಲ್ ಅನುಪಾತ ಏರಿಸಬೇಕು. ಅದಕ್ಕೆ ಎಲ್ಲರೂ ಹೇಳುವ ಸೂತ್ರ ಸುಲಭ. ಹೊಸ ವ್ಯಾಸವನ್ನು ಹಳೆಯದರಿಂದ ಭಾಗಿಸಿ, ಹಳೆ ಅನುಪಾತದಿಂದ ಗುಣಿಸಿ. ನನಗೆ 4.06 ಬಂತು. ಹತ್ತಿರದಲ್ಲಿ ಸಿಗುವುದು 4.10. ನಾನೂ ಅದನ್ನೇ ತರಿಸಬೇಕು ಅಂತಿದ್ದೆ. ತಡೆದದ್ದು ನನ್ನ ತಮ್ಮ. ಅವನು ಹಳೆ ಟೈರು, ಹೊಸ ಟೈರು ಎರಡನ್ನೂ ತಕ್ಕಡಿಗೆ ಹಾಕಿದ. ಹಳೆಯದು 18 ಕೆ.ಜಿ., ಹೊಸದು 27. "ಅಣ್ಣಾ, ನಿನ್ನ ಸೂತ್ರದಲ್ಲಿ ಈ ಒಂಬತ್ತು ಕೆ.ಜಿ. ಎಲ್ಲಿದೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಮಾತು ನಿಜ. ಸೂತ್ರಕ್ಕೆ ವ್ಯಾಸ ಮಾತ್ರ ಗೊತ್ತು. ಟೈರಿನ ಭಾರ, ಅಗಲ, ದಪ್ಪ ಕಚ್ಚಿನ ಉಜ್ಜಾಟ, ಎತ್ತರ ಹೆಚ್ಚಿದ ಗಾಡಿಗೆ ಹೊಡೆಯುವ ಗಾಳಿ ಯಾವುದೂ ಅದರಲ್ಲಿಲ್ಲ. 4.10 ಹಾಕಿದ್ದರೆ ಸುತ್ತು ಮೊದಲಿನಷ್ಟೇ ಆಗುತ್ತಿತ್ತು, ಹೊರೆ ಮಾತ್ರ ಜಾಸ್ತಿ ಇರುತ್ತಿತ್ತು. ಮತ್ತೆ ಆರನೇ ಗೇರ್ ಸುಮ್ನೆ ಕೂತಿರುತ್ತಿತ್ತು.

ಅದಕ್ಕೆ ನಾನು ಲೆಕ್ಕವನ್ನು ತಿರುಗಿಸಿದೆ. ನಾನು ಹೆಚ್ಚಾಗಿ ಓಡಿಸುವುದು 80ರಿಂದ 100ರ ವೇಗದಲ್ಲಿ. ಅಲ್ಲಿ ಆರನೇ ಗೇರಿನಲ್ಲಿ ಎಷ್ಟು ಸುತ್ತು ಬೇಕು ಅಂತ ಮೊದಲು ನಿರ್ಧರಿಸಿದೆ, ಆಮೇಲೆ ಅನುಪಾತ ಹುಡುಕಿದೆ. 100ರ ವೇಗಕ್ಕೆ 4.10ರಲ್ಲಿ ಸುಮಾರು 1,990 ಸುತ್ತು. 4.56ರಲ್ಲಿ 2,220. 4.88ರಲ್ಲಿ 2,370. 80ಕ್ಕೆ ಇಳಿದರೂ 4.56 ನನಗೆ 1,770 ಕೊಡುತ್ತದೆ. ಏರು ಬಂದರೂ ಗೇರ್ ಇಳಿಸದೆ ಎಳೆಯಲು ಅದು ಸಾಕು.

4.88 ಯಾಕೆ ಬೇಡ ಅನಿಸಿತು ಅಂದರೆ, ಹಲ್ಲಿನ ಲೆಕ್ಕ ನೋಡಿ. 3.73 ಅಂದರೆ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11. 4.10 ಅಂದರೆ 41ಕ್ಕೆ 10. 4.56ಕ್ಕೆ ಅದೇ 41, ಪಿನಿಯನ್‌ನಲ್ಲಿ 9. 4.88ಕ್ಕೆ ಬಂದರೆ 39ಕ್ಕೆ 8. ಅನುಪಾತ ಏರಿದಷ್ಟೂ ಪಿನಿಯನ್ ತಲೆ ಸಣ್ಣದಾಗುತ್ತದೆ, ಭಾರ ಹೊರುವ ಹಲ್ಲು ಕಡಿಮೆಯಾಗುತ್ತದೆ. ಭಾರದ ಟ್ರೇಲರ್ ಎಳೆಯುವವರಿಗೆ, ಅಥವಾ ಕೊನೆಯ ಗೇರ್ 0.65ರ ಹತ್ತಿರ ಇರುವ ಆಟೋಮ್ಯಾಟಿಕ್ ಗಾಡಿಯವರಿಗೆ 4.88 ಸರಿಹೋಗಬಹುದು. ನನ್ನ 0.80ಕ್ಕೆ ಅದು ಜಾಸ್ತಿ. ಇನ್ನು 285/70ಆರ್17 ಹಾಕಿದವರು ನನ್ನನ್ನು ಕೇಳಿದರೆ, ಆಕ್ಸಲ್ ಬಿಚ್ಚಿಸಬೇಡಿ ಅನ್ನುತ್ತೇನೆ. ಆ ಟೈರ್ ಕಂಪನಿ ಟೈರಿಗಿಂತ ಬರೀ ಮೂರೂವರೆ ಶೇಕಡಾ ದೊಡ್ಡದು.

ಕ್ರೌನ್-ಪಿನಿಯನ್ ಸೆಟ್ ಬಗ್ಗೆ ನನ್ನ ದೂರು ಇಲ್ಲ. ತೊಂದರೆ ಆಗಿದ್ದು ಕೂರಿಸುವುದರಲ್ಲಿ.

ಮೊದಲ ವರ್ಕ್‌ಶಾಪಿನವರು ಹಿಂದಿನ ಆಕ್ಸಲ್ ಒಂದೇ ದಿನದಲ್ಲಿ ಮುಗಿಸಿ ಕೊಟ್ಟರು. ಗಾಡಿ ಹೊರಗೆ ತಂದೆ. 70ರಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಹಿಂದಿನಿಂದ ಊಳಿಡುವ ಸದ್ದು. ವಾಪಸ್ ಹೋಗಿ ಕೇಳಿದರೆ "ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ ಸರ್" ಅಂದರು. ದಯವಿಟ್ಟು ಈ ಮಾತು ನಂಬಬೇಡಿ. ಹೊಸ ಹಲ್ಲು ತಪ್ಪು ಜಾಗದಲ್ಲಿ ಉಜ್ಜಿದರೆ ಅಲ್ಲೇ ಸವೆಯುತ್ತದೆ. ಆಮೇಲೆ ಸರಿಯಾಗಿ ಕೂರಿಸಿದರೂ ಸದ್ದು ಪೂರ್ತಿ ಹೋಗುವುದಿಲ್ಲ.

ಅರವತ್ತು ಕಿ.ಮೀ.ಗೇ ನಿಲ್ಲಿಸಿ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಅವರು ಕವರ್ ಬಿಚ್ಚಿ ಹಲ್ಲಿಗೆ ಹಳದಿ ಪೇಸ್ಟ್ ಹಚ್ಚಿ ಕ್ರೌನ್ ತಿರುಗಿಸಿದರು. ಹಲ್ಲು ಹಲ್ಲಿಗೆ ತಾಗಿದ ಗುರುತು ನಡುವೆ ಬೀಳಬೇಕಿತ್ತು. ನನ್ನದರಲ್ಲಿ ಹಲ್ಲಿನ ಮೇಲಿನ ಅಂಚಿನಲ್ಲಿ ಬಿದ್ದಿತ್ತು. ಅಂದರೆ ಪಿನಿಯನ್ ಕ್ರೌನ್‌ನಿಂದ ದೂರ ನಿಂತಿದೆ. ಹಳೆ ಶಿಮ್ಮನ್ನು (ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ಹೊಂದಿಸುವ ತೆಳು ಲೋಹದ ಬಿಲ್ಲೆ) ಅಳೆಯದೆ ಹಾಗೇ ಹಾಕಿಬಿಟ್ಟಿದ್ದರು.

ಆ ಹಿರಿಯರ ಕೆಲಸ ನೋಡುತ್ತಾ ನಿಲ್ಲುವುದೇ ಒಂದು ಪಾಠ. ಶಿಮ್ ಬದಲಿಸುತ್ತಾರೆ, ಕಟ್ಟುತ್ತಾರೆ, ಪೇಸ್ಟ್ ಹಚ್ಚುತ್ತಾರೆ, ನೋಡುತ್ತಾರೆ, ಮತ್ತೆ ಬಿಚ್ಚುತ್ತಾರೆ. ನಾಲ್ಕು ಸಲ ಹೀಗೇ ನಡೆಯಿತು. ಕೊನೆಗೆ ದಪ್ಪ ಹೆಚ್ಚಿಸಿದ್ದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ಮಾತ್ರ. ಆಮೇಲೆ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲ ನೋಡಿದರು. ಸೆಟ್ ಜೊತೆ ಬಂದ ಕಾಗದದಲ್ಲಿ 0.15ರಿಂದ 0.25 ಮಿ.ಮೀ. ಅಂತ ಇತ್ತು. ಅವರು 0.20ಕ್ಕೆ ನಿಲ್ಲಿಸಿದರು. ಹಾಕಿಸುವ ಮೊದಲೇ "ಪೇಸ್ಟ್ ಗುರುತಿನ ಫೋಟೋ ಕೊಡ್ತೀರಾ?" ಅಂತ ಕೇಳಿ. ಆಗಲ್ಲ ಅಂದರೆ ಬೇರೆಯವರನ್ನು ನೋಡಿ. ಹಳೆ ಬೇರಿಂಗ್ ಉಳಿಸುವ ಆಸೆಯೂ ಬೇಡ, ಹೊಸದೇ ಹಾಕಿಸಿ. ಕೆಲವು ಆಕ್ಸಲ್‌ನಲ್ಲಿ ಒಂದು ಅನುಪಾತ ದಾಟಿದರೆ ಕ್ರೌನ್ ಕೂರುವ ಕ್ಯಾರಿಯರ್ ಕೂಡ ಬದಲಾಗಬೇಕು. ಅದನ್ನೂ ಮೊದಲೇ ವಿಚಾರಿಸಿ.

ಮುಂದಿನ ಆಕ್ಸಲ್ ಆಗುವವರೆಗೆ ಒಂಬತ್ತು ದಿನ ಹಿಂದೆ 4.56, ಮುಂದೆ 3.73 ಇತ್ತು. ಆ ಸ್ಥಿತಿಯಲ್ಲಿ ಫೋರ್ ವೀಲ್ ಹಾಕಿದರೆ ಹಿಂದಿನ ಮುಂದಿನ ಚಕ್ರ ಬೇರೆ ಬೇರೆ ವೇಗಕ್ಕೆ ಜಗ್ಗಾಡಿ, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೋ ಶಾಫ್ಟೋ ಮುರಿಯಬಹುದು. ಕೈತಪ್ಪಿ ಲಿವರ್ ಎಳೆದರೂ ಏನೂ ಆಗಬಾರದು ಅಂತ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಸಿಟ್ಟಿದ್ದೆ.

ಹೊಸ ಹಲ್ಲು ಪಳಗುವವರೆಗೆ ತಾಳ್ಮೆ ಬೇಕು. ಮೊದಲು 25 ಕಿ.ಮೀ. ನಿಧಾನವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆ. ಹೀಗೆ ಮೂರು ಸಲ. 800 ಕಿ.ಮೀ.ವರೆಗೆ ಭಾರ ಹಾಕಲಿಲ್ಲ, ಆಮೇಲೆ ಆಯಿಲ್ ಬದಲಿಸಿದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದಿಯಂಥ ನುಣುಪು ಪುಡಿ ಅಂಟಿತ್ತು, ಚೂರು ಇರಲಿಲ್ಲ.

ಸ್ಪೀಡೋಮೀಟರ್ ಬಗ್ಗೆ ಒಂದು ಮಾತು. ನನ್ನ ಗಾಡಿಯಲ್ಲಿ ವೇಗದ ಲೆಕ್ಕ ಗೇರ್‌ಬಾಕ್ಸಿನಿಂದ ಬರುತ್ತದೆ. ದೊಡ್ಡ ಟೈರ್ ಹಾಕಿದಾಗ ನಿಜವಾದ 100ಕ್ಕೆ 92 ತೋರಿಸುತ್ತಿತ್ತು. ಕ್ರೌನ್-ಪಿನಿಯನ್ ಬದಲಿಸಿದ ಮೇಲೆ 112 ತೋರಿಸಿತು. ಕಂಪ್ಯೂಟರಿನಲ್ಲಿ ಸರಿ ಮಾಡಿಸಿ ಜಿಪಿಎಸ್ ಜೊತೆ ಹೋಲಿಸಿಕೊಂಡೆ. ಡೀಸೆಲ್ ಲೆಕ್ಕದಲ್ಲೂ ಇದೇ ಮೋಸ ಇದೆ. ದೊಡ್ಡ ಟೈರಿನಲ್ಲಿ ಲೀಟರಿಗೆ 8.9 ಅಂತ ಬೇಜಾರು ಮಾಡಿಕೊಂಡಿದ್ದೆ, ದೂರ ಸರಿಪಡಿಸಿದರೆ ಅದು 9.7. ಈಗ 10.2 ಬರುತ್ತಿದೆ. ಡೀಸೆಲ್ ಉಳಿಸೋಕೆ ಅಂತ ಇದನ್ನು ಮಾಡಿಸಬೇಡಿ.

ನನಗೆ ಸಂತೋಷ ಕೊಟ್ಟದ್ದು ಕಲ್ಲಿನ ಇಳಿಜಾರು. ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಗೇರ್ ಸಾಲು) ಒಂದನೇ ಗೇರಿನಲ್ಲಿ ಒಟ್ಟು ಅನುಪಾತ ಮೊದಲು 40.7 ಇತ್ತು, ಈಗ 49.8. ಮೊದಲು ಬ್ರೇಕ್ ತುಳಿದು ತುಳಿದು ಇಳಿಯುತ್ತಿದ್ದ ಜಾಗದಲ್ಲಿ ಈಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹೋದ ಸಲ ಬ್ರೇಕ್ ಮೇಲೆ ಕಾಲಿಡದೆ ಕೆಳಗಿನವರೆಗೂ ಇಳಿದೆ. ಪಕ್ಕದಲ್ಲಿ ಕೂತಿದ್ದ ತಮ್ಮ ಸೀಟು ಹಿಡಿದುಕೊಳ್ಳಲಿಲ್ಲ.

ಹಿಂದಿನ ಆಕ್ಸಲ್‌ನಲ್ಲಿ 70ರ ಹತ್ತಿರ ಕಾಲು ತೆಗೆದಾಗ ಸಣ್ಣ ಸದ್ದೊಂದು ಇನ್ನೂ ಇದೆ. ಕಿಟಕಿ ತೆರೆದಿದ್ದರೆ ಕೇಳಿಸುವುದಿಲ್ಲ. ಅದು ಆ ಮೊದಲ ಅರವತ್ತು ಕಿ.ಮೀ.ಯದ್ದು.