ಕ್ಯಾಲಿಬರ್ ಮತ್ತು ಸಿಜಿಲ್: ಇ-ಪುಸ್ತಕದ ಕೆಲಸಕ್ಕೆ ಯಾವುದು?

ಇ-ಪುಸ್ತಕಗಳನ್ನು ಜೋಡಿಸಿಡುವುದಕ್ಕೂ ತಿದ್ದುವುದಕ್ಕೂ ಉಚಿತ ತಂತ್ರಾಂಶ ಬೇಕೆಂದವರಿಗೆ ಮೊದಲು ಎದುರಾಗುವ ಹೆಸರುಗಳು ಕ್ಯಾಲಿಬರ್ ಮತ್ತು ಸಿಜಿಲ್. ಎರಡೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಸ್ಕ್ಯಾನ್ ಮಾಡಿದ ಪುಟಗಳಿಂದ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರ) ಮೂಲಕ ಪಡೆದ, ವಾಕ್ಯಗಳು ನಡುವೆಯೇ ತುಂಡಾಗಿದ್ದ ಒಂದೇ ಇಪಬ್ (ಇ-ಪುಸ್ತಕದ ಒಂದು ಕಡತ ಮಾದರಿ) ಕಡತವನ್ನು ಎರಡರಲ್ಲೂ ತೆರೆದು ಕೆಲಸ ಮಾಡಿ ನೋಡಿದೆ.

ಸಂಗ್ರಹದ ಮಟ್ಟಿಗೆ ಪೈಪೋಟಿಯೇ ಇಲ್ಲ, ಏಕೆಂದರೆ ಸಿಜಿಲ್ ಒಂದು ಪುಸ್ತಕವನ್ನು ತಿದ್ದುವ ಸಾಧನವೇ ಹೊರತು ಗ್ರಂಥಾಲಯವಲ್ಲ. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಕ್ಯಾಲಿಬರ್, ಸೇರಿಸಿದ ಪ್ರತಿ ಪುಸ್ತಕದ ಪ್ರತಿಯನ್ನು ಲೇಖಕರ ಹೆಸರಿನ ಫೋಲ್ಡರಿನೊಳಗೆ ತಾನೇ ಜೋಡಿಸಿಕೊಳ್ಳುತ್ತದೆ. ತಮ್ಮದೇ ಫೋಲ್ಡರ್ ವ್ಯವಸ್ಥೆಯನ್ನು ಬಿಟ್ಟುಕೊಡಲೊಲ್ಲದವರಿಗೆ ಇದು ಕಿರಿಕಿರಿ ಎನಿಸಬಹುದು; ಟ್ಯಾಗ್, ಸರಣಿ, ಹುಡುಕಾಟಗಳ ಅನುಕೂಲವನ್ನು ಕಂಡಮೇಲೆ ನನಗೆ ಹಾಗೆನಿಸಲಿಲ್ಲ.

ತಿದ್ದುವ ಕೆಲಸದಲ್ಲಿ ಮಾತ್ರ ನಿಜವಾದ ಹೋಲಿಕೆ ಸಾಧ್ಯ. ಇಪಬ್ ಎಂದರೆ ಎಚ್‌ಟಿಎಂಎಲ್ ಪುಟಗಳು, ಅವುಗಳ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್, ಚಿತ್ರಗಳು ಸೇರಿದ ಒಂದು ಜಿಪ್ ಕಡತ. ಅದನ್ನು ಬಿಚ್ಚಿ ತೋರಿಸುವುದರಲ್ಲಿ ಎರಡೂ ಸಮರ್ಥವಾಗಿವೆ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ವಿನ್ಯಾಸವನ್ನು ವಿವರಿಸುವ ಸೂತ್ರ) ಬಳಸಿ ಹುಡುಕಿ ಬದಲಿಸುವ ಸೌಲಭ್ಯವೂ ಎರಡರಲ್ಲೂ ಇದೆ. ಪೂರ್ಣವಿರಾಮವಿಲ್ಲದೆ ಮುಗಿದ ಪ್ಯಾರಾವನ್ನು ಮುಂದಿನದರೊಂದಿಗೆ ಕೂಡಿಸುವ ಸೂತ್ರವೊಂದನ್ನು ಬರೆದು, ಒಂದೊಂದೇ ಜಾಗವನ್ನು ನೋಡುತ್ತ ಬದಲಿಸಿದೆ. ಪುಸ್ತಕವನ್ನು ಒಂದು ಕಡತ ಮಾದರಿಯಿಂದ ಇನ್ನೊಂದಕ್ಕೆ ಬದಲಿಸುವ ಕ್ಯಾಲಿಬರಿನ ಪರಿವರ್ತನೆಯಲ್ಲಿ ತುಂಡಾದ ಸಾಲುಗಳನ್ನು ತಾನಾಗಿ ಕೂಡಿಸುವ ಆಯ್ಕೆಯೂ ಇದೆ. ಆದರೆ ಪದ್ಯಗಳಿರುವ ಪುಸ್ತಕವನ್ನು ಅದರ ಕೈಗೆ ಕೊಡಲು ನನಗೆ ಧೈರ್ಯವಿಲ್ಲ.

ಅಧ್ಯಾಯಗಳನ್ನು ಬೇರ್ಪಡಿಸಿ ಪರಿವಿಡಿ ಕಟ್ಟುವಾಗ ಸಿಜಿಲ್ ಕೈಗೆ ಹೆಚ್ಚು ಒಗ್ಗಿತು. ಶೀರ್ಷಿಕೆಗಳನ್ನು ಗುರುತಿಸಿದ್ದರೆ ಅದು ಅವುಗಳ ಪಟ್ಟಿಯನ್ನು ಮುಂದಿಡುತ್ತದೆ. ಬೇಡವಾದವನ್ನು ಕೈಬಿಟ್ಟರೆ ಪರಿವಿಡಿ ಸಿದ್ಧ. ಕೋಡ್ ನೋಡಲು ಹಿಂಜರಿಯುವವರು ತಿಳಿದಿರಬೇಕಾದ ಸಂಗತಿಯೆಂದರೆ, ಪುಟವನ್ನು ನೋಡುತ್ತಲೇ ತಿದ್ದುವ ಹಳೆಯ ನೋಟ ಸಿಜಿಲಿನಲ್ಲಿ ಈಗಿಲ್ಲ. ಅದಕ್ಕೆ ಪೇಜ್‌ಎಡಿಟ್ ಎಂಬ ಜೊತೆಗಾರ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಕ್ಯಾಲಿಬರಿನ ಸಂಪಾದಕವಾದರೋ ದುರಸ್ತಿಗೆ ಹೇಳಿಮಾಡಿಸಿದಂತಿದೆ: ತಪ್ಪುಗಳನ್ನು ಪಟ್ಟಿ ಮಾಡಿ ಹಲವನ್ನು ತಾನೇ ಸರಿಪಡಿಸುತ್ತದೆ, ಕಿಂಡಲ್‌ನ ಎಝಡ್‌ಡಬ್ಲ್ಯು3 ಕಡತಗಳನ್ನೂ ತೆರೆಯುತ್ತದೆ. ಸಿಜಿಲ್ ಇಪಬ್‌ಗಷ್ಟೇ ಸೀಮಿತ.

ಹೀಗಾಗಿ ಒಂದನ್ನೇ ಆರಿಸುವುದಾದರೆ ನನ್ನ ಆಯ್ಕೆ ಕ್ಯಾಲಿಬರ್; ಪುಸ್ತಕವನ್ನು ಬುಡದಿಂದ ಕಟ್ಟುವವರು ಸಿಜಿಲನ್ನೂ ಇಟ್ಟುಕೊಳ್ಳಬೇಕು. ಕ್ಯಾಲಿಬರಿನ ಪಟ್ಟಿಯಿಂದಲೇ ಪುಸ್ತಕವನ್ನು ಸಿಜಿಲಿನಲ್ಲಿ ತೆರೆಯಬಹುದು, ಉಳಿಸಿದ ತಿದ್ದುಪಡಿ ಸಂಗ್ರಹದ ಪ್ರತಿಯಲ್ಲೇ ಸೇರುತ್ತದೆ. ಆದರೆ ಸಿಜಿಲಿನಲ್ಲಿ ಬದಲಿಸಿದ ಶೀರ್ಷಿಕೆ ಅಥವಾ ಲೇಖಕರ ಹೆಸರು ಕ್ಯಾಲಿಬರಿನ ಪಟ್ಟಿಯಲ್ಲಿ ತಾನಾಗಿ ಬದಲಾಗುವುದಿಲ್ಲವಾದ್ದರಿಂದ ಆ ವಿವರಗಳನ್ನು ಕ್ಯಾಲಿಬರಿನಲ್ಲೇ ತಿದ್ದುವುದು ಒಳ್ಳೆಯದು.