ಯಮಹಾ ಎಲೆಕ್ಟ್ರಿಕ್ ಪಿಟೀಲು, ಅದರ ಡಬ್ಬಿ ಮತ್ತು ಶಿರಸಿಯ ಮಳೆಗಾಲ

ಯಮಹಾ ವೈಇವಿ-104 ಒಳ್ಳೆಯ ವಾದ್ಯ. ಆದರೆ ಅದೊಂದನ್ನೇ ಮನೆಗೆ ತಂದರೆ ಅರ್ಧ ಪಿಟೀಲು ಬಂದ ಲೆಕ್ಕ. ಇನ್ನರ್ಧ ಇರುವುದು ಅದರ ಕೇಬಲ್ ಹೋಗಿ ಸೇರುವ ಡಬ್ಬಿಯಲ್ಲಿ, ಅಂದರೆ ಅದರ ದನಿಯನ್ನು ಎತ್ತಿಕೊಡುವ ಉಪಕರಣದಲ್ಲಿ. ಕೊಳ್ಳುವಾಗ ಎಲ್ಲರೂ ಮರ, ಬಣ್ಣ, ಆಕಾರ ಇದರ ಬಗ್ಗೆಯೇ ಮಾತಾಡುತ್ತಾರೆ. ಡಬ್ಬಿಯ ಸುದ್ದಿ ಯಾರೂ ಎತ್ತುವುದಿಲ್ಲ. ಹಾಗಾಗಿ ಇಲ್ಲಿ ಅದರ ಮಾತೇ ಸ್ವಲ್ಪ ಜಾಸ್ತಿ.

ನಾನು ಯಾರು ಅಂತ ಗೊತ್ತಿದ್ದರೆ ನನ್ನ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ನಿಮಗೇ ತಿಳಿಯುತ್ತದೆ. ಶಿರಸಿಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತೇನೆ. ಈ ಕಡೆ ಹಿಂದೂಸ್ತಾನಿ ಕಲಿತವರೇ ಹೆಚ್ಚು. ನಾನು ಸಾಗರದಲ್ಲಿ ಬೆಳೆದವಳು, ಕಲಿತದ್ದು ಕರ್ನಾಟಕ ಸಂಗೀತ. ಸುಗಮ ಸಂಗೀತದವರು ಕರೆದರೆ ಜೊತೆಗೆ ನುಡಿಸುತ್ತೇನೆ. ಅಭ್ಯಾಸಕ್ಕೆ ನನಗೆ ಸಿಗುವುದು ರಾತ್ರಿ ಊಟದ ನಂತರದ ಹೊತ್ತು ಮಾತ್ರ. ಆಗ ಅತ್ತೆಯವರು ಮಲಗಿರುತ್ತಾರೆ, ಮಗ ಪಿಯುಸಿ ಪುಸ್ತಕ ಹಿಡಿದು ಕೂತಿರುತ್ತಾನೆ. ಅಂಥ ಮನೆಯಲ್ಲಿ ಮರದ ಪಿಟೀಲು ಎತ್ತಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಎರಡನೇ ಕಾರಣ ಮಳೆ. ನಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ಗೋಡೆಯೇ ಬೆವರುತ್ತದೆ. ಮರದ ಪಿಟೀಲಿನ ಹೊಟ್ಟೆಯನ್ನು ಅಂಚಿನಲ್ಲಿ ಅಂಟು ಹಾಕಿ ಕೂಡಿಸಿರುತ್ತಾರೆ. ತೇವಕ್ಕೆ ಆ ಅಂಟು ಸಡಿಲವಾಗಿ ಅಂಚು ಬಾಯಿ ಬಿಡುತ್ತದೆ. ವೈಇವಿಗೆ ಹೊಟ್ಟೆಯೇ ಇಲ್ಲ. ನಡುವೆ ಒಂದು ದಿಮ್ಮಿ, ಸುತ್ತ ಬಾಗಿದ ವಾಲ್ನಟ್ ಮರದ ಚೌಕಟ್ಟು, ಅಷ್ಟೇ. ಬಾಯಿ ಬಿಡಲು ಅಲ್ಲಿ ಜಾಗವೇ ಇಲ್ಲ. ಬಿರಡೆ ಮಾತ್ರ ಇದರಲ್ಲೂ ಮರದ್ದೇ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಕಮಾನಿನ ಕೂದಲು ಜೋಲುವುದೂ ತಪ್ಪಿದ್ದಲ್ಲ. ಎಲೆಕ್ಟ್ರಿಕ್ ಪಿಟೀಲಿಗೂ ಸಾಮಾನ್ಯವಾಗಿ ಬಳಸುವುದು ಅದೇ ಕುದುರೆ ಕೂದಲಿನ ಕಮಾನು.

ನೆಲದ ಮೇಲೆ ಕೂತು ನುಡಿಸುವವರಿಗೆ ಒಂದು ಮಾತು. ಇದು ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ನಿಂತು ನುಡಿಸುವವರ ಭುಜಕ್ಕೆ ಆ ಭಾರ ತಿಳಿಯಬಹುದು. ನಮ್ಮ ಪದ್ಧತಿಯಲ್ಲಿ ಪಿಟೀಲಿನ ತಲೆ ಬಲಗಾಲಿನ ಹಿಮ್ಮಡಿಯ ಹತ್ತಿರ ಕೂರುತ್ತದೆ, ಭಾರವನ್ನು ಕಾಲೇ ಹೊರುತ್ತದೆ. ಗಮಕಕ್ಕೆ ಕೈ ಮೇಲೆ ಕೆಳಗೆ ಜಾರುವಾಗ ವಾದ್ಯ ಅಲುಗುವುದಿಲ್ಲ. ಕೇಬಲ್ ಮಾತ್ರ ಕಮಾನಿನ ದಾರಿಗೆ ಬರದ ಹಾಗೆ ಸೀರೆಯ ಸೆರಗಿನ ಕೆಳಗಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು. ರೂಢಿಯಾದ ಮೇಲೆ ಅದು ಇದೆ ಅಂತಲೂ ನೆನಪಿರುವುದಿಲ್ಲ.

ಈಗ ಡಬ್ಬಿ. ಯಮಹಾದವರು 1997ರಲ್ಲೇ ಸೈಲೆಂಟ್ ವಯಲಿನ್ ಅಂತ ತಂದರು. ಅದಕ್ಕೆ ನೇರವಾಗಿ ಹೆಡ್‌ಫೋನ್ ಹಾಕಿಕೊಂಡು ಕೂರಬಹುದು. ವೈಇವಿ ಬೇರೆ ಜಾತಿ. ಇದಕ್ಕೆ ಬ್ಯಾಟರಿ ಇಲ್ಲ, ಒಳಗೆ ದನಿ ಎತ್ತುವ ಪ್ರಿಆಂಪ್ ಇಲ್ಲ, ಹೆಡ್‌ಫೋನ್ ತೂತೂ ಇಲ್ಲ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಒಂದು ಪಿಕಪ್, ಒಂದು ವಾಲ್ಯೂಮ್ ತಿರುಗಣೆ, ಗಿಟಾರಿಗೆ ಹಾಕುವಂಥ ಒಂದು ದಪ್ಪ ಜ್ಯಾಕ್. ಬ್ಯಾಟರಿ ಮುಗಿಯುವ ಭಯ ಇಲ್ಲ ಅನ್ನುವುದು ಇದರ ಲಾಭ. ಪಿಕಪ್ಪಿನ ಸಣ್ಣ ದನಿಯನ್ನು ಎತ್ತಿಕೊಡುವ ಕೆಲಸ ನಿಮ್ಮ ತಲೆಯ ಮೇಲೆ ಬೀಳುತ್ತದೆ ಅನ್ನುವುದು ನಷ್ಟ.

ಎಲೆಕ್ಟ್ರಿಕ್ ಪಿಟೀಲುಗಳಲ್ಲಿ ಸಾಮಾನ್ಯವಾಗಿ ಇರುವುದು ಪೀಜೊ ಪಿಕಪ್, ಅಂದರೆ ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ವಸ್ತುವಿನದ್ದು. ಅದರ ಸ್ವಭಾವ ವಿಚಿತ್ರ. ಮುಂದೆ ಕೂಡಿಸಿದ ಉಪಕರಣದ ಇಂಪೀಡೆನ್ಸ್ (ಸಂಕೇತಕ್ಕೆ ಅದು ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುತ್ತಾರೆ) ಕಡಿಮೆಯಾದರೆ ಅದು ಕೆಳಗಿನ ಸ್ವರಗಳನ್ನು ಬಿಟ್ಟುಕೊಡುತ್ತದೆ. ಎಷ್ಟು ಬಿಟ್ಟುಕೊಡುತ್ತದೆ ಅಂತ ಲೆಕ್ಕ ಹಾಕಬಹುದು, ಗಣಿತದ ಟೀಚರಿಗೆ ಇಷ್ಟಾದರೂ ಬೇಡವೇ! ಪಿಕಪ್ಪಿನ ಕೆಪ್ಯಾಸಿಟೆನ್ಸ್, ಅಂದರೆ ಅದು ವಿದ್ಯುತ್ ಹಿಡಿದಿಡುವ ಶಕ್ತಿ, ಅಂದಾಜು 1 ನ್ಯಾನೊಫ್ಯಾರಡ್ ಅಂತ ಹಿಡಿಯಿರಿ. ಅದನ್ನು 60 ಕಿಲೋಓಮ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ 2650 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಸೊರಗುತ್ತಾ ಹೋಗುತ್ತದೆ. ಬಿಳಿ ಐದರ ಶ್ರುತಿಯಲ್ಲಿ ನನ್ನ ಮಂದ್ರ ಷಡ್ಜ 196 ಹರ್ಟ್ಸ್. ಅದರ ಮೂಲ ದನಿ ಹದಿಮೂರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಅದೇ ಪಿಕಪ್ಪನ್ನು 1.5 ಮೆಗಾಓಮ್‌ನ ಇನ್‌ಪುಟ್‌ಗೆ ಹಾಕಿದರೆ ಗಡಿ 106 ಹರ್ಟ್ಸ್‌ಗೆ ಇಳಿಯುತ್ತದೆ. ಷಡ್ಜ ಹೆಚ್ಚೂ ಕಡಿಮೆ ಪೂರ್ತಿ ಬರುತ್ತದೆ. ಪಿಟೀಲು, ತಂತಿ, ಕೈ ಯಾವುದೂ ಬದಲಾಗಿಲ್ಲ. ತೂತು ಮಾತ್ರ ಬೇರೆ.

ನಾನು ಬಳಸುವುದು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಅನ್ನುವ ಇಂಟರ್‌ಫೇಸ್, ಅಂದರೆ ಪಿಟೀಲಿನ ದನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಡಬ್ಬಿ, ಮೂರನೇ ಪೀಳಿಗೆಯದ್ದು. ಮುಂದಿನ ಜ್ಯಾಕಿನ ಪಕ್ಕ 'ಇನ್‌ಸ್ಟ್' (ಇನ್‌ಸ್ಟ್ರುಮೆಂಟ್, ವಾದ್ಯ) ಅಂತ ಒಂದು ಗುಂಡಿ ಇದೆ. ಒತ್ತದಿದ್ದರೆ ಅದು 60 ಕಿಲೋಓಮ್, ಒತ್ತಿದರೆ 1.5 ಮೆಗಾಓಮ್. ಮೇಲಿನ ಲೆಕ್ಕ ಈ ಗುಂಡಿಯದ್ದೇ. ಬೆಲೆ ಪಿಟೀಲಿನ ಕಾಲು ಭಾಗವೂ ಇಲ್ಲ. ಯುಎಸ್‌ಬಿ ತಂತಿಯಿಂದಲೇ ಅದಕ್ಕೆ ವಿದ್ಯುತ್ ಸಿಗುತ್ತದೆ. ಹಾಗಾಗಿ ಗಾಳಿ ಮಳೆಗೆ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವ ತನಕ ಅಭ್ಯಾಸ ನಡೆಯುತ್ತದೆ. ನಮ್ಮೂರಲ್ಲಿ ಇದು ಸಣ್ಣ ಗುಣ ಅಲ್ಲ.

ಕರೆಂಟ್ ಇದ್ದಾಗಲೇ ತೊಂದರೆ ಜಾಸ್ತಿ ಅಂದರೆ ನಗಬೇಡಿ. ಚಾರ್ಜರ್ ಚುಚ್ಚಿದ ಕೂಡಲೇ ಹೆಡ್‌ಫೋನಿನಲ್ಲಿ 'ಗುಂಯ್' ಅಂತ ಶುರು, ಕಿತ್ತರೆ ಮಾಯ. ವೈರಿಂಗ್ ಮಾಡುವ ಹುಡುಗ ಬಂದು ನೋಡಿ, "ಅಕ್ಕಾ, ನಿಮ್ಮನೆ ಅರ್ಥಿಂಗೇ ಸರಿ ಇಲ್ಲ, ಚಿರೆಕಲ್ಲು ಮಣ್ಣು ಬೇಸಿಗೆಗೆ ಒಣಗೋದ್ರೆ ಹಿಂಗೇ" ಅಂದ. ಅರ್ಥಿಂಗ್ ಗುಂಡಿಗೆ ಹೊಸ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ದ ಮೇಲೆ ಬಹಳ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ರೆಕಾರ್ಡ್ ಮಾಡುವ ದಿನ ಚಾರ್ಜರ್ ತೆಗೆದೇ ಕೂರುತ್ತೇನೆ.

ದನಿಯ ವಿಷಯ. ಪಿಕಪ್‌ನಿಂದ ಹಸಿಯಾಗಿ ಬರುವ ದನಿ ಕಿವಿಗೆ ಹಿತ ಅಲ್ಲ. ಕಮಾನು ತಿರುಗುವ ಸದ್ದು, ಬೆರಳು ತಂತಿಯ ಮೇಲೆ ಜಾರುವ ಕಿರ್ ಸದ್ದು, ಎಲ್ಲವೂ ದೊಡ್ಡದಾಗಿ ಕೇಳುತ್ತದೆ. ನಮ್ಮ ಸಂಗೀತದಲ್ಲಿ ಜಾರುವುದೇ ಕೆಲಸ, ಹಾಗಾಗಿ ಎರಡು ಪಾಲು ಕಷ್ಟ. ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸ್ವಲ್ಪ ಪರವಾಗಿಲ್ಲ. ಮರದ ಪಿಟೀಲಿನ ಹೊಟ್ಟೆಯೊಳಗಿನ ಗಾಳಿ 280 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ, ಹಲಗೆಗಳು ಅದಕ್ಕಿಂತ ಮೇಲೆ. ಇಲ್ಲಿ ಆ ಎರಡೂ ಇಲ್ಲ. ಅದನ್ನು ತುಂಬಲು ಇಂಪಲ್ಸ್ ರೆಸ್ಪಾನ್ಸ್ ಅನ್ನುವ ಫೈಲ್‌ಗಳು ಸಿಗುತ್ತವೆ. ನಿಜವಾದ ಒಂದು ಪಿಟೀಲಿನ ಮೈ ಹೇಗೆ ಸ್ಪಂದಿಸುತ್ತದೆ ಅನ್ನುವುದರ ಅಚ್ಚು ಅದು. ರೀಪರ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶದ ಜೊತೆಗೇ ಬರುವ ರೀವರ್ಬ್ ಪ್ಲಗಿನ್‌ನಲ್ಲಿ ಆ ಫೈಲ್ ಹಾಕಿ, 3000 ಹರ್ಟ್ಸ್ ಹತ್ತಿರ ತುಸು ತಗ್ಗಿಸಿದರೆ ದನಿಗೆ ಮೈ ಬರುತ್ತದೆ. ಕಲ್ಯಾಣಿಯ ಆಲಾಪನೆ ನುಡಿಸಿ ರೆಕಾರ್ಡ್ ಮಾಡಿ ನನ್ನ ಅಕ್ಕನಿಗೆ ಕಳಿಸಿದೆ. ಯಾವ ಪಿಟೀಲು ಅಂತ ಅವಳು ಕೇಳಲೇ ಇಲ್ಲ. ನಿಷಾದ ಇನ್ನೂ ಕೆಳಗಿದೆ ಅಂತ ಮಾತ್ರ ಹೇಳಿದಳು.

ಹೀಗೆ ಕಂಪ್ಯೂಟರಿನೊಳಗೆ ಹೋಗಿ ಬರುವ ದನಿ ಸ್ವಲ್ಪ ತಡವಾಗಿ ಕಿವಿಗೆ ಬರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ನ ಬಫರ್ (ದನಿಯ ತುಣುಕುಗಳನ್ನು ಕೂಡಿಹಾಕಿಕೊಳ್ಳುವ ಜಾಗ) ಅಂದರೆ 2.7 ಮಿಲಿಸೆಕೆಂಡ್. ಒಳಗೆ ಒಮ್ಮೆ, ಹೊರಗೆ ಒಮ್ಮೆ, ಉಳಿದ ಚಿಲ್ಲರೆ ಸೇರಿ ಹತ್ತರ ಆಸುಪಾಸು. ಹತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಸಾಗುತ್ತದೆ. ನಿಮ್ಮ ಪಿಟೀಲನ್ನು ಕೋಣೆಯ ಆಚೆ ತುದಿಯಲ್ಲಿ ಇಟ್ಟಂತೆ. ನಿಧಾನ ಲಯದಲ್ಲಿ ನುಡಿಸುವಾಗ ಈ ತಡ ಗೊತ್ತಾಗುವುದಿಲ್ಲ. ಮೂರನೇ ಕಾಲದ ಸ್ವರಪ್ರಸ್ತಾರಕ್ಕೆ ಬಂದಾಗ ಬೆರಳಿಗೆ ಏನೋ ಅಂಟಿಕೊಂಡ ಹಾಗೆ ಅನಿಸುತ್ತದೆ. ಆಗ ಸೋಲೊದ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತುತ್ತೇನೆ, ದನಿ ಕಂಪ್ಯೂಟರಿಗೆ ಹೋಗದೆ ಸೀದಾ ಕಿವಿಗೆ ಬರುತ್ತದೆ. ತಡ ಇಲ್ಲ, ಆದರೆ ಕೇಳುವುದು ಹಸಿ ದನಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಿಂಡೋಸ್ ಇದ್ದರೆ ತಡ ಕಡಿಮೆ ಮಾಡುವ, ಕಂಪನಿಯದೇ ಎಎಸ್ಐಒ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಹತ್ತಿರವೂ ತರಬೇಡಿ. ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗಿಂತ ಜಾಸ್ತಿ, ಸುಮ್ನೆ ತಲೆಬಿಸಿ.

ಪಿಟೀಲಿನ ದನಿಯನ್ನು ಮಿಡಿಗೆ (MIDI, ಯಾವ ಸ್ವರ ಯಾವಾಗ ಅಂತ ಕಂಪ್ಯೂಟರಿಗೆ ಹೇಳುವ ಸಂಕೇತ) ತಿರುಗಿಸಿ ಕೊಳಲು, ಸಿತಾರ್ ಎಲ್ಲ ನುಡಿಸಬಹುದು ಅನ್ನುತ್ತಾರೆ. ಮಿಡಿ ಹುಟ್ಟಿದ್ದು ಕೀಬೋರ್ಡಿಗೆ. ಸ್ವರವನ್ನು ಜಾರಿಸುವ ಅದರ ಪಿಚ್ ಬೆಂಡ್ ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟೇ ಬಾಗುತ್ತದೆ. ತೋಡಿಯ ಗಾಂಧಾರ ಅದರಲ್ಲಿ ಹಿಡಿಯುವುದಿಲ್ಲ. ಮುಂದಕ್ಕೆ ಹೋಗೋಣ.

ವೇದಿಕೆಯಲ್ಲಿ ಮಾತ್ರ ವೈಇವಿ ನಿಜಕ್ಕೂ ಗೆಲ್ಲುತ್ತದೆ. ಮೈಕ್ ಅಷ್ಟಾಗಿ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ಪಿಟೀಲು ಚೌಡಯ್ಯನವರು ಏಳು ತಂತಿ ಹಾಕಿದರು. ಈಗ ತೊಂದರೆ ತಿರುಗುಮುರುಗು. ಪಕ್ಕದಲ್ಲಿ ತಬಲಾ, ಹಿಂದೆ ಕೀಬೋರ್ಡ್, ಮುಂದೆ ಮಾನಿಟರ್ ಸ್ಪೀಕರ್. ಮರದ ಪಿಟೀಲಿಗೆ ಮೈಕ್ ಇಟ್ಟರೆ ಎಲ್ಲ ಅದರೊಳಗೆ ನುಗ್ಗುತ್ತದೆ, ಸ್ವಲ್ಪ ಏರಿಸಿದರೆ ಕೂಗು ಹಿಡಿಯುತ್ತದೆ. ವೈಇವಿಯಲ್ಲಿ ಆ ಕಾಟ ಬಹಳ ಕಡಿಮೆ.

ಆದರೆ ಅಲ್ಲಿಯೂ ಡಬ್ಬಿ ಬೇಕು. ಕಾರವಾರದಲ್ಲಿ ಒಂದು ಕಾರ್ಯಕ್ರಮ. ಸೌಂಡ್‌ನವರು ನನ್ನ ಕೇಬಲ್ಲನ್ನು ಸೀದಾ ಮಿಕ್ಸರಿನ ಲೈನ್ ಇನ್‌ಗೆ ಚುಚ್ಚಿದರು. ಸ್ಪೀಕರಿನಲ್ಲಿ ಬಂದದ್ದು ಬರೀ ಕೀಚಲು. "ಮೇಡಂ, ಎಲೆಕ್ಟ್ರಿಕ್ ಅಂದ್ರೆ ಹಿಂಗೇ ಬರೋದು" ಅಂದರು. ಚೀಲದಲ್ಲಿ ಬಾಸ್ ಟಿಯು-3 ಟ್ಯೂನರ್ ಪೆಡಲ್ ಇತ್ತು. ಅದರ ಇನ್‌ಪುಟ್ 1 ಮೆಗಾಓಮ್, ಒಳಗೆ ದನಿ ಸೊರಗದಂತೆ ಮುಂದಕ್ಕೆ ದಾಟಿಸುವ ಬಫರ್ ಸರ್ಕ್ಯೂಟ್ ಇದೆ. ನಡುವೆ ಅದನ್ನು ಸೇರಿಸಿದ ಮೇಲೆ ಮಂದ್ರ ಬಂತು. "ಓ, ಈಗ ಆಯ್ತಲ್ಲ" ಅಂದವರು ಪೆಡಲಿನ ಹೆಸರು ಬರೆದುಕೊಂಡರು. ದೊಡ್ಡ ವೇದಿಕೆಗೆ ಆಕ್ಟಿವ್ ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರಿಗೆ ಹೊಂದಿಸುವ, ವಿದ್ಯುತ್ ಬೇಕಾಗುವ ಡಬ್ಬಿ) ಇನ್ನೂ ಒಳ್ಳೆಯದು, ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ ಪವರ್‌ನಲ್ಲಿ ನಡೆಯುತ್ತದೆ. ವಿದ್ಯುತ್ ಇಲ್ಲದೆ ನಡೆಯುವ ಪ್ಯಾಸಿವ್ ಡಿಐ ಕೊಟ್ಟರೆ ಬೇಡ ಅನ್ನಿ, ಅದರ ಇಂಪೀಡೆನ್ಸ್ ಸಾಲದು. ಕರಾವಳಿಯಲ್ಲಿ ನುಡಿಸಿದ ದಿನ ತಂತಿ, ಜ್ಯಾಕ್ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿಯೇ ಪೆಟ್ಟಿಗೆಗೆ ಹಾಕಿ. ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ.

ಹೊಸದಾಗಿ ಕಲಿಯುವ ಮಕ್ಕಳಿಗೆ ಇದನ್ನು ಕೊಡಿಸಬೇಡಿ. ಕಮಾನಿನ ಒತ್ತಡ ತಪ್ಪಿದರೆ ಮರದ ಪಿಟೀಲು ಅಲ್ಲೇ ಅತ್ತು ತೋರಿಸುತ್ತದೆ. ಇಲ್ಲಿ ದನಿಗೆ ಸೇರಿಸುವ ಗುಂಗು (ರಿವರ್ಬ್) ಎಲ್ಲವನ್ನೂ ಮುಚ್ಚಿಬಿಡುತ್ತದೆ. ಈಗಾಗಲೇ ಕೈ ಕೂತವರು, ರಾತ್ರಿ ಹೊತ್ತು ನುಡಿಸಬೇಕಾದವರು, ಗದ್ದಲದ ವೇದಿಕೆ ಹತ್ತುವವರು ಧಾರಾಳವಾಗಿ ತೆಗೆದುಕೊಳ್ಳಿ. ದುಡ್ಡು ಕೂಡಿಸುವಾಗ ಇಂಟರ್‌ಫೇಸ್, ಒಳ್ಳೆಯ ತಂತಿಯ ಹೆಡ್‌ಫೋನ್, ಎರಡು ಕೇಬಲ್ ಇವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕೇಬಲ್ ಗಿಡ್ಡ ಇರಲಿ. ಪಿಕಪ್‌ನಿಂದ ಮೊದಲ ಡಬ್ಬಿಯ ತನಕ ಉದ್ದ ಹೆಚ್ಚಾದಷ್ಟೂ ದನಿ ಸಣ್ಣದಾಗುತ್ತದೆ. ರಿಪೇರಿಗೆ ಹೆದರುವುದು ಬೇಡ, ಜ್ಯಾಕ್ ಸಡಿಲವಾದರೆ ಪೇಟೆಯಲ್ಲಿ ಟಿವಿ ರಿಪೇರಿ ಮಾಡುವವರೇ ಬೆಸುಗೆ ಹಾಕಿಕೊಡುತ್ತಾರೆ. ಪಿಕಪ್ ಕೆಟ್ಟರೆ ಮಾತ್ರ ಬೆಂಗಳೂರಿಗೆ ಪಾರ್ಸಲ್ ಕಳಿಸಬೇಕು.